ದಾಕ್ಷಾಯಣಮ್ಮನ ಹುಣಿಸೆಮರದ ಅಪೀಲು

ಮಿಡಿಗೇಶಿಯಲ್ಲಿ ದಾಕ್ಷಾಯಣಮ್ಮನಿಗೆ ಕಚೇರಿ ಹುಚ್ಚು ಎಂದು ಹೆಸರು ಬಿದ್ದಿತ್ತು. ಬೇರೆ ಹೆಂಗಸರು ತವರಿಗೆ ಹೊರಡುವ ಸಂಭ್ರಮದಲ್ಲಿ ಆಕೆ ಮಧುಗಿರಿ ಕಚೇರಿಯ ವಾಯಿದೆಗೆ ಹೊರಡುತ್ತಿದ್ದಳು. ಹಿಂದಿನ ದಿನವೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು, ಮಡಿಕೆ ನಿಲ್ಲಲೆಂದು ದಿಂಬಿನಡಿ ಇಟ್ಟು ಮಲಗುವಳು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದು, ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿಯ ಗಂಟು ಹಿಡಿದು ಬಸ್ಸಿಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವಳು. ಅವಳ ಹಿಂದೆಯೇ, ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತ, ಅವಳ ಎದುರುಪಾರ್ಟಿ ದೊಡ್ಡರಂಗಪ್ಪ ಬರುವನು.

ವ್ಯಾಜ್ಯ ಒಂದು ಹುಣಿಸೆಮರದ್ದು. ಇವಳ ಹೊಲಕ್ಕೂ ಅವನ ಹೊಲಕ್ಕೂ ನಡುವಿನ ಬದುವಿನ ಮೇಲೆ ಅದು ಬೆಳೆದಿತ್ತು. ಹಿರಿಯರ ಕಾಲದಲ್ಲಿ ಯಾರ ಹೊಲದ ಮೇಲೆ ಬಾಗಿದ ಕೊಂಬೆಯೋ ಅವರಿಗೆ ಹಣ್ಣು. ಒಂದು ವರ್ಷ ದೊಡ್ಡರಂಗಪ್ಪನ ಆಳುಗಳು ಅತ್ಯುತ್ಸಾಹದಲ್ಲಿ ಇವಳ ಕಡೆಯ ಕೊಂಬೆಗಳನ್ನೂ ಬಡಿದುಬಿಟ್ಟರು. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಮೈದುನನ ಮನೆಯಲ್ಲಿ ರೊಟ್ಟಿ ತಟ್ಟಿಕೊಂಡು ಇದ್ದ ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಹಾಕಿದಳು. ಜಮೀನು ಇನ್ನೂ ಅವಳ ಹೆಸರಿನಲ್ಲೇ ಇತ್ತು, ಹಾಗಾಗಿ ಯಾರೂ ತಡೆಯಲಿಲ್ಲ.

ಅಮಲ್ದಾರರು ಮರ ದೊಡ್ಡರಂಗಪ್ಪನದು ಅಂದರು. ಇವಳು ಕೋರ್ಟು ಫೀ ಸ್ಟಾಂಪು ಹಚ್ಚಿ ಸಬ್ ಡಿವಿಜನ್ ಸಾಹೇಬರಿಗೆ ಅಪೀಲು ಹೋದಳು. ಈ ಓಡಾಟದಲ್ಲಿ ಕಕ್ಷಿದಾರರಿಬ್ಬರಿಗೂ ಒಂದು ಸಲಿಗೆ ಬೆಳೆಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ನಡೆಯುತ್ತ ಇಬ್ಬರೂ ಮರದ ವಿಷಯ ಒಂದು ಬಿಟ್ಟು ಉಳಿದದ್ದೆಲ್ಲ ಮಾತಾಡುವರು. ಕಚೇರಿಯ ಮುಂದಿನ ಕಟ್ಟೆಯ ಮೇಲೆ ಆಕೆ ತನ್ನ ರೊಟ್ಟಿಯಲ್ಲಿ ಅವನಿಗೆ ಪಾಲು ಕೊಡುವಳು. ಲಿಂಗ ಕಟ್ಟಿದ ಆಕೆ ಅವನ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವ ಹಾಗಿರಲಿಲ್ಲ. ಹಸಿ ಕಡಲೆಕಾಯಿಗೆ ಆ ತೊಡಕಿಲ್ಲವಾದ್ದರಿಂದ ಅವನು ಪಂಚೆಯ ಮಡಿಲ ತುಂಬ ಅದನ್ನೇ ತರುತ್ತಿದ್ದ. ಇಬ್ಬರೂ ಕಾಯಿ ಸುಲಿಯುತ್ತ ಕೂತಿರುವಾಗ ಜವಾನ ಬಂದು ಹೆಸರು ಕೂಗುವನು. ಆಗ ಎದ್ದು, ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುವರು.

ಕೊನೆಗೆ ಸಬ್ ಡಿವಿಜನ್ ಸಾಹೇಬರು ಮರ ದಾಕ್ಷಾಯಣಮ್ಮನದೇ ಎಂದು ಹುಕುಂ ಮಾಡಿದರು. ಆಕೆ ಊರಿಗೆ ಬಂದು ಬೀದಿಗೆಲ್ಲ ಬೆಲ್ಲ ಹಂಚಿದಳು.

ಬೆಲ್ಲ ಹಂಚಿದ ಸಂಜೆಯೇ ಮೈದುನ ಮಹಾಲಿಂಗಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪರೂಪಕ್ಕೆ ನಕ್ಕ. ಅಂಗಡಿ ಬೀದಿಯಲ್ಲಿ ಎಣ್ಣೆ ಬೆಲ್ಲದ ವ್ಯಾಪಾರ ಮಾಡುವವನು, ಮನೆಯ ಯಜಮಾನ.

“ಅತ್ತಿಗೆಮ್ಮ, ಒಳ್ಳೆ ಕಾಲಕ್ಕೆ ಗೆದ್ರಿ. ಬಸ್ಸಿನೋರಿಗೆ ಇದ್ದಿಲು ಎಷ್ಟಾದ್ರೂ ಸಾಲದು. ಇದ್ದಿಲು ಸುಡಿಸೋ ಕಂತ್ರಾಟುದಾರ ಬಂದು ಮರ ನೋಡ್ಕೊಂಡು ಹೋದ. ಮುಂಗಡಾನೂ ಕೊಟ್ಟ. ಅಪೀಲಿನ ಗಡುವು ಕಳೀತಿದ್ದಂಗೆ ಕಡಿಸ್ತಾನೆ.”

ದಾಕ್ಷಾಯಣಮ್ಮನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಮಧ್ಯಾಹ್ನದ ಬುತ್ತಿ ಹೊತ್ತು ಆ ಮರದಡಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆಯ ಎದುರು ಗಂಡಹೆಂಡಿರು ಮಾತಾಡುವ ಹಾಗಿರಲಿಲ್ಲ. ಗಂಡನ ದನಿ ಹೇಗಿದೆಯೆಂದು ಅವಳಿಗೆ ಸರಿಯಾಗಿ ತಿಳಿದದ್ದೇ ಆ ನೆರಳಿನಲ್ಲಿ. ಅದನ್ನು ಮೈದುನನಿಗೆ ಹೇಗೆ ಹೇಳುವುದು? ಒಂದೇ ಒಲೆಯ ಅನ್ನ ಉಣ್ಣುವ ಮನೆಯಲ್ಲಿ ಯಜಮಾನ ಮಾತು ಕೊಟ್ಟ ಮೇಲೆ ಹೆಂಗಸು ಬೇಡ ಅನ್ನುವುದುಂಟೆ? “ಹಂಗೇ ಆಗ್ಲಿ ಕಣಪ್ಪ” ಅಂದಳು. ರೊಟ್ಟಿ ಮಾತ್ರ ಆ ಹೊತ್ತು ಎಲ್ಲವೂ ಸೀದುಹೋದವು.

ಮರುದಿನ ಬಾವಿಕಟ್ಟೆಯಲ್ಲಿ ದೊಡ್ಡರಂಗಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಆಕೆ ಅವನಿಗೆ ಕೇಳುವಂತೆ ನಾಲ್ಕು ಹೆಂಗಸರ ನಡುವೆ ಶುರುಮಾಡಿದಳು. “ಗಂಡಸಂತೆ ಗಂಡಸು! ಒಂದು ಸಲ ಸೋತಿದ್ದಕ್ಕೆ ಬಾಲ ಮುದುರ್ಕೊಂಡು ಕೂತವ್ನೆ. ನಾನಾಗಿದ್ರೆ ತುಮಕೂರಿಗೆ ಹೋಗಿ ಡೆಪ್ಯುಟಿ ಕಮಿಷನರ ಹತ್ರ ಅಪೀಲು ಹಾಕ್ತಿದ್ದೆ!”

ಅವನಿಗೆ ರೋಷ ಬರಲಿಲ್ಲ. ನಕ್ಕ. “ನೀವು ಗೆದ್ರಿ ಬುಡ್ರಮ್ಮ. ಮರ ನಿಮ್ದೇ. ನನ್ಗೂ ತಿರುಗಿ ತಿರುಗಿ ಸಾಕಾತು.”

ಇದೆಂಥ ಒಳ್ಳೆಯ ಮನುಷ್ಯನ ಸಹವಾಸವಪ್ಪಾ ಎಂದು ಹಲ್ಲು ಕಡಿಯುತ್ತ ಆಕೆ ಕೊಡ ಹೊತ್ತು ಹೋದಳು. ಬೇರೆ ದಾರಿ ಕಾಣದೆ ಮಧ್ಯಾಹ್ನ ಅವನ ಹೊಲದ ಹತ್ತಿರವೇ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮರ ಇದ್ದಿಲಾಗುತ್ತದೆ ಅಂದಾಗ ಅವನೂ ಮೇಲೆ ನೋಡಿದ. ಅವನ ದನಗಳು ಆ ಮರದ ನೆರಳಲ್ಲೇ ಮೆಲುಕು ಹಾಕುತ್ತ ಮಲಗಿದ್ದವು.

“ಅಪೀಲು ಹೋದ್ರೆ ತಡೆ ಸಿಕ್ತದಾ?”

“ಸಿಕ್ಕೇ ಸಿಕ್ತದೆ. ಕಚೇರೀಲಿ ವಕೀಲ್ರು ಹೇಳೋದು ಕೇಳಿದೀನಿ. ವ್ಯಾಜ್ಯ ಮುಗಿಯೋವರ್ಗೂ ಒಬ್ರೂ ಕೊಡಲಿ ಮುಟ್ಟಂಗಿಲ್ಲ.”

“ಫೀಜು ಎಲ್ಲಿಂದ ತರ್ಲಿ? ಹೋದ ಸಲಕ್ಕೇ ಕುರಿ ಮಾರಿದ್ದಾತು.”

“ಫೀಜು ನಾನು ಕೊಡ್ತೀನಿ.”

ದೊಡ್ಡರಂಗಪ್ಪ ಅವಳ ಮುಖವನ್ನೇ ನೋಡಿದ. “ಅಂದ್ರೆ, ನಾನು ನಿಮ್ಮ ಮ್ಯಾಲೆ ಅಪೀಲು ಹೋಗಕ್ಕೆ ನೀವೇ ಸ್ಟಾಂಪು ಕೊಡಿಸ್ತೀರಾ?”

“ಅದ್ರಾಗೇನು ತಪ್ಪು? ನಿನ್ಗೆ ರೊಟ್ಟಿ ಕೊಡ್ಲಿಲ್ವಾ? ಅಂಗೇ ಇದೂ.”

ಆದರೆ ಅವಳ ಕೈಯಲ್ಲೂ ಕಾಸಿರಲಿಲ್ಲ. ರಾತ್ರಿ ಮೈದುನನಿಗೆ ಬಡಿಸುತ್ತ ಮೆಲ್ಲಗೆ ಕೇಳಿದಳು. “ಮಹಾಲಿಂಗಯ್ಯ, ಗೆದ್ದ ಹುಕುಂದು ನಕಲು ತೆಗೆಸ್ಬೇಕು. ಅದಕ್ಕೆ ಫೀಜಂತೆ. ಸ್ಟಾಂಪಿಗೂ ಬೇಕು. ಈ ಮರದ ವಿಷ್ಯ ಗಟ್ಟಿ ಆಗ್ಬೇಕಲ್ಲಪ್ಪ.” ಒಂದು ಮಾತೂ ಸುಳ್ಳಲ್ಲ. ನಕಲಿಲ್ಲದೆ ಅಪೀಲಿಲ್ಲ, ಸ್ಟಾಂಪಿಲ್ಲದೆ ಅಪೀಲು ಒಳಗೆ ಹೋಗುವುದಿಲ್ಲ. ಮಹಾಲಿಂಗಯ್ಯ ಖುಷಿಯಾಗಿ ಇದ್ದಿಲಿನ ಮುಂಗಡದಿಂದಲೇ ಎಣಿಸಿ ಕೊಟ್ಟ. “ಕಾಗದಪತ್ರ ಭದ್ರ ಮಾಡ್ಕೊಳ್ಳಿ ಅತ್ತಿಗೆಮ್ಮ” ಎಂದು ಬುದ್ಧಿಯನ್ನೂ ಹೇಳಿದ.

ಮಧುಗಿರಿಯ ಕಚೇರಿ ಮುಂದೆ ಅರ್ಜಿ ಬರೆಯಲು ಹೊಸದಾಗಿ ಬಂದು ಕೂತಿದ್ದ ಶಂಕರಲಿಂಗಪ್ಪ ಪೆಟ್ಟಿಗೆಯ ಮೇಲೆ ಕಾಗದ ಹರಡಿಕೊಂಡು ಅಪೀಲುದಾರನ ಕಡೆ ತಿರುಗಿದ. “ಹೇಳಪ್ಪ, ಏನು ಕಾರಣ ಬರೀಲಿ?”

ದೊಡ್ಡರಂಗಪ್ಪ ತಲೆ ಕೆರೆದುಕೊಂಡು ಪಕ್ಕಕ್ಕೆ ನೋಡಿದ. ದಾಕ್ಷಾಯಣಮ್ಮ ಮುಂದೆ ಸರಿದಳು.

“ಬರ್ಕೊಳ್ಳಿ. ಮರದ ಬುಡ ಹೆಚ್ಚಾಗಿ ಅಪೀಲುದಾರನ ಕಡೇಗೇ ವಾಲಿರ್ತದೆ. ಪ್ರತಿವಾದಿ ಹೆಂಗಸು ಬಾಯಿ ಜೋರು ಮಾಡಿ ಸಾಕ್ಷಿಗಳನ್ನ ಹೆದರಿಸಿರ್ತಾಳೆ.”

“ಅಷ್ಟು ಬ್ಯಾಡಿ” ಅಂದ ದೊಡ್ಡರಂಗಪ್ಪ, ಸಂಕೋಚದಿಂದ.

“ನೀನು ಸುಮ್ಕಿರು. ಬರೀರಿ: ಆಕೆ ಜಗಳಗಂಟಿ, ಊರಿಗೇ ಗೊತ್ತು.”

ಶಂಕರಲಿಂಗಪ್ಪ ಮೆಚ್ಚಿ ಬರೆಯುತ್ತ ಹೋದ. ಕೊನೆಗೆ ಲೇಖನಿ ಅದ್ದಿ, “ಪ್ರತಿವಾದಿಯ ಹೆಸರು?” ಅಂದ.

“ದಾಕ್ಷಾಯಣಮ್ಮ.”

“ಅವ್ಳ ಮೇಲೆ ಬಹಳ ಸಿಟ್ಟು ಅಂತ ಕಾಣ್ತದೆ. ನಿಮಗೇನಾಗಬೇಕು ಆಕೆ?”

“ನಾನೇ ಕಣಪ್ಪ ಆಕೆ.”

ಲೇಖನಿಯಿಂದ ಮಸಿ ತೊಟ್ಟಿಕ್ಕಿ ಒಂದು ಹಾಳೆ ಕೆಟ್ಟಿತು. ಶಂಕರಲಿಂಗಪ್ಪ ಇನ್ನೊಂದು ಹಾಳೆ ತೆಗೆದುಕೊಂಡ.

ತುಮಕೂರಿನಿಂದ ತಡೆ ಹುಕುಂ ಬಂದಾಗ ಮಹಾಲಿಂಗಯ್ಯ ದೊಡ್ಡರಂಗಪ್ಪನನ್ನು ಬೈದ ಬೈಗುಳವನ್ನು ಅಂಗಡಿ ಬೀದಿಯೇ ನಿಂತು ಕೇಳಿತು. ದಾಕ್ಷಾಯಣಮ್ಮನೂ ಒಳಗಿನಿಂದ ಎರಡು ಮಾತು ಸೇರಿಸಿದಳು. ಕಂತ್ರಾಟುದಾರ ಮುಂಗಡ ವಾಪಸು ಕೇಳಿದ, ಕೊಡದೆ ವಿಧಿಯಿರಲಿಲ್ಲ. ಅವನು ಪಕ್ಕದ ಹಳ್ಳಿಗಳಲ್ಲಿ ಮರ ಕಡಿಸಿಕೊಂಡು, ಬಾಕಿ ಕೊಡದೆ ಒಂದು ದಿನ ಪಾವಗಡದ ಕಡೆಯಿಂದ ಮೈಸೂರು ಸೀಮೆಯ ಗಡಿ ದಾಟಿಹೋದ. ಆ ಊರುಗಳವರು ಬೋಳು ಹೊಲ ನೋಡಿಕೊಂಡು ಅವನ ವಂಶವನ್ನೆಲ್ಲ ನೆನೆದರು. ಮಹಾಲಿಂಗಯ್ಯ ಆ ಸುದ್ದಿ ಕೇಳಿದ ದಿನ ಒಂದು ರೊಟ್ಟಿ ಕಡಿಮೆ ಉಂಡು ಎದ್ದ.

ತುಮಕೂರಿನ ವಾಯಿದೆಗೆ ಮೂವರೂ ಹೋದರು. ಗುಮಾಸ್ತೆ ಅಪೀಲನ್ನು ಓದತೊಡಗಿದಾಗ ದಾಕ್ಷಾಯಣಮ್ಮ ತನ್ನ ಮಾತುಗಳು ಅಷ್ಟು ದೊಡ್ಡ ಕೋಣೆಯಲ್ಲಿ ಮೊಳಗುವುದನ್ನು ಕೇಳಿ ಹಿಗ್ಗಿದಳು. ‘ಜಗಳಗಂಟಿ’ ಬಂದಾಗ ತಲೆಯನ್ನೂ ಆಡಿಸಿದಳು. ಮೈದುನ ಮೊಣಕೈಯಿಂದ ತಿವಿದ.

“ಇದಕ್ಕೆ ಏನು ಹೇಳ್ತೀರಮ್ಮ?” ಎಂದು ಸಾಹೇಬರು ಕೇಳಿದರು.

“ಬರೆಸಿದೋರು ಬುದ್ಧಿವಂತ್ರು ಸ್ವಾಮಿ” ಅಂದಳು.

ವಾಯಿದೆಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ಅಷ್ಟರಲ್ಲಿ ಯುದ್ಧ ಮುಗಿದು, ಇದ್ದಿಲಿಗಿದ್ದ ಬೆಲೆಯೂ ಇಳಿಯಿತು. ಕೊನೆಗೆ ಬಂದ ಹುಕುಂ ಹೀಗಿತ್ತು: ಮರ ಬದುವಿನದು, ಇಬ್ಬರಿಗೂ ಸೇರಿದ್ದು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಕಡಿಯಬಾರದು. ಅಪೀಲಿನ ಖರ್ಚನ್ನು ಪ್ರತಿವಾದಿಯೇ ಕೊಡತಕ್ಕದ್ದು.

ಕೊನೆಯ ಸಾಲು ಬಿದ್ದದ್ದು ಮಹಾಲಿಂಗಯ್ಯನ ತಲೆಗೆ. ಸರ್ಕಾರದ ಹುಕುಂ ಅಂದರೆ ಹುಕುಂ. ದೊಡ್ಡರಂಗಪ್ಪನನ್ನು ಜಗಲಿಗೆ ಕರೆಸಿ, ಮುಖ ಕಿವುಚಿಕೊಂಡು ದುಡ್ಡನ್ನು ಮುಂದಿಟ್ಟ.

ದೊಡ್ಡರಂಗಪ್ಪ ಕೈ ಚಾಚಲಿಲ್ಲ. ಒಮ್ಮೆ ಅಡುಗೆಮನೆಯ ಕಡೆ ನೋಡಿದ, ಒಮ್ಮೆ ದುಡ್ಡಿನ ಕಡೆ ನೋಡಿದ, ಬೆವೆತ. “ಇದು ನನ್ಗೆ ಬ್ಯಾಡ ಸ್ವಾಮಿ. ಒಂದ್ಸಲ ಕೊಟ್ಟಾಗೈತೆ.”

“ಯಾರು ಕೊಟ್ರು?”

“ನೀವೇ.”

“ನಾನಾ? ಯಾವಾಗಲಾ ಕೊಟ್ಟೆ ನಿನಗೆ?”

“ನಕಲಿಗೆ ಅಂತ... ಸ್ಟಾಂಪಿಗೆ ಅಂತ...”

ಅಷ್ಟಕ್ಕೆ ನಿಲ್ಲಿಸಿ ದೊಡ್ಡರಂಗಪ್ಪ ಚಪ್ಪಲಿಯನ್ನೂ ಮರೆತು ಹೊರಟುಬಿಟ್ಟ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಮಹಾಲಿಂಗಯ್ಯ ಬೈಯಬೇಕೆಂದು ಬಾಯಿ ತೆರೆದ. ಪಕ್ಕದ ಊರುಗಳ ಬೋಳು ಹೊಲಗಳು ನೆನಪಾದವು. ಸ್ಟಾಂಪಿನ ದುಡ್ಡನ್ನು ತಾನೇ ಎಣಿಸಿಕೊಟ್ಟು ಭದ್ರ ಮಾಡ್ಕೊಳ್ಳಿ ಅಂದದ್ದೂ ನೆನಪಾಯಿತು. ಭುಜ ಕುಲುಕುವಷ್ಟು ನಗು ಬಂತು. ಅದನ್ನು ಒಳಗಿನವರಿಗೆ ತೋರಿಸಬಾರದೆಂದು ವಸ್ತ್ರದಲ್ಲಿ ಮೀಸೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡ.

“ಅತ್ತಿಗೆಮ್ಮ, ನಾಳೆ ನನ್ನ ಮೇಲೇ ಕೇಸು ಹಾಕೋದಿದ್ರೂ ಬಾಯಿ ಬಿಟ್ಟು ಹೇಳಿ ದುಡ್ಡು ಈಸ್ಕೊಳ್ಳಿ.”

“ಆಗ್ಲಿ ಕಣಪ್ಪ” ಅಂದಳು ದಾಕ್ಷಾಯಣಮ್ಮ ಒಳಗಿನಿಂದ. “ಎಲೆ ಹಾಕಿದೀನಿ, ಬಾ. ರೊಟ್ಟಿ ಆರೋಗ್ತದೆ.”