ಆ ಮಂಗಳವಾರ ಅಮ್ಮ ಹೂ ಕೊಡಲಿಲ್ಲ

ಚೌಡಮ್ಮನ ಒಕ್ಕಲಾಗಿರುವ ಅಕ್ಕತಂಗಿಯರೇ, ಇದನ್ನು ಬರೆಯುವಾಗ ಈಗಲೂ ಮೈ ಮುದುಡುತ್ತದೆ. ಗಂಡಸರೂ ಓದುತ್ತಾರೆಂದು ಗೊತ್ತು, ಓದಲಿ. ಕ್ಯಾನ್ಸರ್ ಬಂದು ನನ್ನ ಎಡಗಡೆಯ ಮೊಲೆ ತೆಗೆದರು. ಆಮೇಲೆ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟರು, ಚರ್ಮ ಕಪ್ಪಿಟ್ಟಿತು. ಜೀವವೇನೋ ಉಳಿಯಿತು. ಆದರೆ ದಿನವೂ ರವಿಕೆಯೊಳಗೆ ಹತ್ತಿ ತುರುಕಿಕೊಂಡು ಹೊಳೆನರಸೀಪುರದ ಕಚೇರಿಗೆ ಹೋಗಿ, ಸೆರಗನ್ನು ಎಳೆದೆಳೆದು ಹೊದೆಯುವುದು ಸಾಕಾಗಿತ್ತು.

ಹಾಸನದ ಒಂದು ಕ್ಲಿನಿಕ್ಕಿನಲ್ಲಿ ಸಿಲಿಕಾನ್ ಚೀಲ ಇಟ್ಟು ಮೊದಲಿನಂತೆ ಮಾಡಿಕೊಡುತ್ತಾರೆ ಎಂದು ನಾದಿನಿ ಹೇಳಿದಳು. ಬೋರ್ಡಿನ ತುಂಬ ಕೂದಲು, ಚರ್ಮ, ಸೌಂದರ್ಯ ಎಂದೆಲ್ಲ ಇತ್ತು. ಹೆಣ್ಣು ನೋಡಲು ಹೋಗುವ ಮೊದಲೂ, ಬೋರ್‌ವೆಲ್ ಕೊರೆಸುವ ಮೊದಲೂ ಅಮ್ಮನಲ್ಲಿ ಹೂ ಕೇಳುವವರಲ್ಲವೇ ನಾವು? ಅರಕಲಗೂಡಿನ ಕಡೆಯ ನಮ್ಮ ಗುಡಿಗೆ ಹೋಗಿ, "ಮಾಡಿಸಿಕೊಳ್ಳಲೇ ತಾಯಿ?" ಎಂದು ಮನಸ್ಸಿನಲ್ಲೇ ಕೇಳಿ ನಿಂತೆ. ಬಲಗಡೆಯ ದಾಸವಾಳ ತಟ್ಟನೆ ಬಿತ್ತು, ಅಮ್ಮ ಒಪ್ಪಿದಳು ಎಂದುಕೊಂಡೆ. ಅಸಲು ದಾಖಲೆ ತಂದಿಲ್ಲವೆಂದು ಕಚೇರಿಯಲ್ಲಿ ಜನರನ್ನು ವಾಪಸ್ ಕಳಿಸುವ ನಾನು, ಎದೆ ಕೊಯ್ಯುವವರು ಏನು ಓದಿದ್ದಾರೆಂದು ಕೇಳದೆ ಹೋಗಿ ಮಲಗಿದೆ.

ಕೆಲವೇ ತಿಂಗಳಲ್ಲಿ ಎದೆ ಕಲ್ಲಿನಂತಾಯಿತು. ಚೀಲ ಜರುಗಿ ಕಂಕುಳ ಹತ್ತಿರ ಗುಡ್ಡೆ ಕಟ್ಟಿತು. ಕ್ಲಿನಿಕ್ಕಿನವರು "ಉಜ್ಜಿಕೊಳ್ಳಿ ಮೇಡಂ, ಸೆಟ್ಟಾಗುತ್ತೆ" ಎಂದರು, ಆಮೇಲೆ ಫೋನೇ ಎತ್ತಲಿಲ್ಲ. ಚರ್ಮ ಕೆಂಪಾಗಿ ಚಳಿಜ್ವರ ಹತ್ತಿತು. ಒಂದು ಬೆಳಗ್ಗೆ ರವಿಕೆ ಕೀವಿನಿಂದ ಒದ್ದೆಯಾಗಿತ್ತು. ಹಳೆಯ ಕಾಯಿಲೆಯೇ ಮತ್ತೆ ಬಂದಿದೆ ಎಂದುಕೊಂಡೆ.

"ಏಳು, ಆಸ್ಪತ್ರೆಗೆ ಓಗಾನ," ಎಂದು ನಮ್ಮ ಯಜಮಾನರು ಗೋಗರೆದರು.

"ಸಾಯೋದಾದ್ರೆ ಇಲ್ಲೇ ಸಾಯ್ತೀನಿ, ಬುಟ್ಬುಡಿ," ಎಂದೆ. ಕ್ಯಾನ್ಸರ್ ಮತ್ತೆ ಬಂದಿದೆ ಎಂಬ ಮಾತನ್ನು ಡಾಕ್ಟರ ಬಾಯಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ. ಬಲಗಡೆ ಹೂ ಕೊಟ್ಟು ಮೋಸ ಮಾಡಿದೆಯಲ್ಲ ಎಂದು ಅಮ್ಮನ ಮೇಲೆ ಸಿಟ್ಟಾಗಿ, ದೇವರ ಮನೆಯಲ್ಲಿ ದೀಪ ಹಚ್ಚುವುದನ್ನೂ ಬಿಟ್ಟಿದ್ದೆ.

ಕೊನೆಗೊಂದು ಮಂಗಳವಾರ, ಅವಳನ್ನೇ ಕೇಳಿಬಿಡೋಣವೆಂದು ಯಜಮಾನರ ಜೊತೆ ಬಸ್ಸು ಹತ್ತಿದೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದೆ. "ಉಳೀತೀನಾ ಇಲ್ವಾ, ಹೇಳು" ಎಂದು ಕೇಳಿ ನಿಂತೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಒಂದು ಎಸಳೂ ಅಲುಗಲಿಲ್ಲ.

"ಅಮ್ಮ ಯಾಕೋ ಮಾತಾಡ್ತಿಲ್ಲ ಕಣವ್ವ," ಎಂದರು ಪೂಜಾರಪ್ಪ. "ಇಂದೆ ಜನ ಅವ್ರೆ, ಒಸಿ ಅತ್ಲಾಗೆ ಕೂತ್ಕೊ. ಆಮ್ಯಾಕೆ ಕೇಳಾನ."

ಕಂಬಕ್ಕೆ ಒರಗಿ ಕುಳಿತು ಅತ್ತೆ. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

"ಯಾಕವ್ವ, ಇಂಗೆ ಅಳ್ತಾ ಕುಂತಿದ್ದೀ?" ಪಕ್ಕದಲ್ಲಿ ಮಡಿಲಕ್ಕಿ ಹಿಡಿದ ಹಿರಿಯ ಹೆಂಗಸೊಬ್ಬರು ಬಂದು ಕುಳಿತರು. ಜಯಮ್ಮ, ಚನ್ನರಾಯಪಟ್ಟಣದವರು, ಹರಕೆ ತೀರಿಸಲು ಬಂದಿದ್ದರು. ಗುರುತು ಪರಿಚಯ ಇಲ್ಲದವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಿಟ್ಟುಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಜಯಮ್ಮ ನನ್ನ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. ಒಂದು ಕಡೆ ಬಯಲಾಗಿತ್ತು.

"ನಂಗೂ ತೆಗೆದವ್ರೆ ಕಣವ್ವ. ಚರ್ಮ, ಕೂದ್ಲು ನೋಡೋರೇ ಬ್ಯಾರೆ, ಪ್ಲಾಸ್ಟಿಕ್ ಸರ್ಜರಿ ಓದಿರೋರೇ ಬ್ಯಾರೆ. ಕರೆಂಟ್ ಕೊಟ್ಟಿರೋ ಜಾಗಕ್ಕೆ ಚೀಲ ಇಕ್ಕುದ್ರೆ ತೊಂದ್ರೆ ಜಾಸ್ತಿ ಅಂತ ಅವ್ರು ನಂಗೆ ಮೊದ್ಲೇ ಏಳುದ್ರು. ನಾನು ಬ್ಯಾಡ ಅಂದ್ಬುಟ್ಟೆ. ಇದು ಕ್ಯಾನ್ಸರೇ ಅಂತ ನಿಂಗ್ಯಾರು ಏಳುದ್ರು? ಏಳು ಮೇಲೆ, ಇವತ್ತೇ ಓಗಾನ."

ಮಡಿಲಕ್ಕಿಯನ್ನು ಪೂಜಾರಪ್ಪನ ಕೈಗಿಟ್ಟು, ಆ ತಾಯಿ ನಮ್ಮ ಜೊತೆಯಲ್ಲೇ ಹಾಸನದ ಬಸ್ಸು ಹತ್ತಿದರು.

ಈ ಸಲ, ಜಯಮ್ಮ ಕರೆದೊಯ್ದ ಆಸ್ಪತ್ರೆಯ ಡಾಕ್ಟರನ್ನು, "ಸಾ, ತಾವು ಏನು ಓದಿದ್ದೀರಾ?" ಎಂದೇ ಕೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಸರ್ಜರಿಯಲ್ಲಿ ಎಂಎಸ್ ಓದಿದ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಮಾಡಿದ್ದಾರಂತೆ. ನೋಂದಣಿ ನಂಬರ್ ತೋರಿಸಿ, ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಡಿಕೊಳ್ಳಿ ಎಂದರು. ಚೀಲ ಸರಿಯಾಗಿ ಕೂತರೂ ಜೀವನಪೂರ್ತಿ ಬರುವುದಿಲ್ಲ, ಸುತ್ತ ಗಟ್ಟಿಯಾಗಬಹುದು, ಸೋಂಕಾಗಬಹುದು, ಅಪರೂಪಕ್ಕೆ ಅದರಿಂದಲೇ ಬೇರೊಂದು ಬಗೆಯ ಕ್ಯಾನ್ಸರ್ ಬರುವುದೂ ಉಂಟು ಎಂದು ಬಿಡಿಸಿ ಹೇಳಿದರು. ಇದನ್ನೆಲ್ಲ ನನಗೆ ಮೊದಲು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಚೀಲ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ, ಕೀವು ಮಾತ್ರ. ಇನ್ನೂ ತಡಮಾಡಿದ್ದರೆ ನಂಜು ರಕ್ತಕ್ಕೆ ಏರುತ್ತಿತ್ತಂತೆ. ಮತ್ತೆ ಎದೆ ಬಯಲಾಗಿದೆ, ಗಾಯದ ಗುರುತು ಮೊದಲಿಗಿಂತ ದೊಡ್ಡದು. ಕನ್ನಡಿ ಮುಂದೆ ಈಗಲೂ ಅಳು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂದು ಹೂ ಬಿದ್ದಿದ್ದರೆ, ಎಡಕ್ಕಾಗಲಿ ಬಲಕ್ಕಾಗಲಿ, ಕೈಮುಗಿದು ಮನೆಯ ಬಸ್ಸು ಹತ್ತುತ್ತಿದ್ದೆ. ಜಯಮ್ಮ ಬರುವವರೆಗೆ ನನ್ನನ್ನು ಅಲ್ಲಿ ಕೂರಿಸಿಕೊಂಡವಳು ಅಮ್ಮನೇ.

ಮೊನ್ನೆ ಮಡಿಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ರವಿಕೆಯೊಳಗೆ ಹತ್ತಿ ಇಟ್ಟುಕೊಂಡಿರಲಿಲ್ಲ.

"ಹೂ ಕೇಳ್ತೀಯೇನವ್ವ?" ಎಂದರು ಪೂಜಾರಪ್ಪ.

"ಬ್ಯಾಡಿ, ಇವತ್ತು ಕೇಳಾಕೆ ಏನೂ ಇಲ್ಲ."

ಕುಂಕುಮ ಇಟ್ಟುಕೊಂಡು ಹೊಸ್ತಿಲು ದಾಟುತ್ತಿದ್ದೆ. "ಅವ್ವಾ, ಹೂ ಬಿತ್ತು!" ಎಂದು ಹಿಂದಿನಿಂದ ಪೂಜಾರಪ್ಪ ಕೂಗಿದರು. ಯಾವ ಕಡೆ ಎಂದು ನಾನು ಕೇಳಲಿಲ್ಲ.