ಮಂದಿ ಆರಿಸಿದ ಕಡೆಯ ನಕಾಶೆ

ಆಕೆಯ ಬಲಗೈ ಕಿರುಬೆರಳಿನ ಪಕ್ಕದಲ್ಲಿ ಯಾವಾಗಲೂ ಕರಿ ಮಸಿ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿದರೆ ಅಂಚಿನಲ್ಲೊಂದು ಕರಿ ಗೀರು ಬೀಳುತ್ತಿತ್ತು. ನಮ್ಮ ಅತ್ತೆ ಆ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಸಣ್ಣ ಸೊಸಿ ಎಳ್ಳ ಹಚ್ಚ್ಯಾಳೇನು?" ಎನ್ನುತ್ತಿದ್ದರು.

ಆಕೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ದುಂಡಸಿಯಿಂದ ಹಾನಗಲ್ಲಿನ ನಮ್ಮ ಮನೆಗೆ ಬಂದವಳು. ಅಡಿಗೆ, ಮುಸುರೆ ಮುಗಿಸಿ ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ನಕಾಶೆ ಬರೆಯುತ್ತಿದ್ದಳು. ಎಲ್ಲಿಯೂ ಇಲ್ಲದ ದೇಶಗಳ ನಕಾಶೆ: ಕಡಲು, ಬೆಟ್ಟ, ಕೋಟೆ, ಕಾಡುದಾರಿ. ಎಲ್ಲೆಲ್ಲಿಯೋ ಇರುವ ಮಂದಿ ಅವನ್ನು ಎದುರಿಗಿಟ್ಟುಕೊಂಡು ರಾಜ, ರಾಕ್ಷಸರ ಕಥೆಯಾಟ ಆಡುತ್ತಾರಂತೆ. ಅವರಲ್ಲಿ ಆಕೆಯ ಕೆಲಸಕ್ಕೆ ತಿಂಗಳಿಗಿಷ್ಟು ಹಣ ಕಳಿಸಿ ಬೆಂಬಲ ಕೊಡುವ ಒಂದು ಬಳಗ ಫೋನಿನಲ್ಲಿತ್ತು. ಒಂದು ನಕಾಶೆ ಮುಗಿದರೆ ಆ ಬಳಗದ ಮುಂದೆ ಮೂರು ವಿಷಯ ಇಡುವಳು. ಹೆಚ್ಚು ಮಂದಿ ಫೋನಿನಲ್ಲಿ ಒತ್ತಿ ಆರಿಸಿದ್ದೇ ಮುಂದಿನ ನಕಾಶೆ.

"ಇಲ್ಲದ ಊರಿಗೆ ಬಸ್ ಹೋಗ್ತೈತೇನವಾ?" ಎಂದು ಅತ್ತೆ ಕೆಣಕಿದರೆ, "ಹೋಗ್ತೈತ್ರಿ ಅತ್ತಿ. ಈ ಸಲ ರಾಕ್ಷಸರ ಕ್ವಾಟಿಗೆ ಹಿರೇಬೆಂಡಿಗೇರಿ ಅಂತ ಹೆಸರಿಟ್ಟೇನಿ" ಎಂದಿದ್ದಳು. ಅದು ಅತ್ತೆಯ ತವರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಒಂದು ದಿನ ಆಕೆಯ ಕೈಯಿಂದ ಚಹಾದ ಕಪ್ಪು ಜಾರಿ ಬಿತ್ತು. ಮತ್ತೆ ಬಿತ್ತು. ಹುಬ್ಬಳ್ಳಿಯ ಡಾಕ್ಟರು, ನರ ಒಣಗುವ ರೋಗ, ಔಷಧಿ ಇಲ್ಲ, ಮೊದಲು ಕೈ ಹೋಗುತ್ತದೆ, ಆಮೇಲೆ ನುಂಗುವುದು, ಉಸಿರು ಎಂದರು. ನಾನು ಸೋಮವಾರದ ಉಪವಾಸ ಹಿಡಿದೆ.

ಇನ್ನೊಂದೇ ನಕಾಶೆಗೆ ಆಗುವಷ್ಟು ಕೈ ಉಳಿದಿದೆ ಎಂದು ಆಕೆಗೇ ಗೊತ್ತಾಯಿತು. ಇದೇ ಕಡೆಯದು ಎಂದಷ್ಟೇ ಬಳಗಕ್ಕೆ ಬರೆದಳು. ರೋಗದ ಮಾತು ಎತ್ತಲಿಲ್ಲ. ಮುಂದಿಟ್ಟ ಮೂರರಲ್ಲಿ ಒಂದು ಕೆರೆ ದಂಡೆಯ ಸಣ್ಣ ಊರು, ಒಂದು ಹಿಮದ ಕಣಿವೆ, ಇನ್ನೊಂದು ಇಡೀ ಖಂಡ. ಸಣ್ಣ ಊರು ಬರಲಿ ಎಂದು ನಾನು ದೀಪಕ್ಕೆ ಕೈ ಮುಗಿದೆ. ಆಕೆಗೂ ಅದೇ ಆಸೆ. ಆ ಕೆರೆಗೆ ಆಗಲೇ ಹೆಸರು ಹುಡುಕುತ್ತಿದ್ದಳು.

ಕಡೆಯದಲ್ಲವೇ, ದೊಡ್ಡದೇ ಇರಲಿ ಎಂದು ಬಳಗದವರು ಪ್ರೀತಿಯಿಂದ ಖಂಡವನ್ನೇ ಒತ್ತಿದರು.

"ಕೈ ಸುದ್ದಿ ಹೇಳಬಾರದೇನ ತಂಗಿ? ಸಣ್ಣದು ಆರಿಸ್ತಾರ" ಎಂದೆ.

"ಹೇಳಿದ್ರ ಕನಿಕರಕ್ಕ ಆರಿಸ್ತಾರಕ್ಕ. ತಮಗ ಬೇಕಾದದ್ದು ಆರಿಸಂಗಿಲ್ಲ."

"ಹಂಗಾರ ನೀನ ಸಣ್ಣದು ಬರಿ. ಯಾರ ಕೇಳ್ತಾರ?"

"ನೀವು ದೇವರಿಗೆ ಬೆಲ್ಲ ಇಡ್ತೇನಿ ಅಂತ ಬೇಡಿಕೊಂಡು ಉಪ್ಪ ಇಡ್ತೀರೇನಕ್ಕ?"

ದೊಡ್ಡ ಹಾಳೆ ಹಾಸಿದೆವು. ಮೊದಲು ಖಂಡದ ಸುತ್ತ ಕಡಲ ದಂಡೆಯ ಗೆರೆ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ನಾನು ಹಾಳೆ ಸರಿಸುವೆ, ಆಕೆ ಎಳೆಯುವಳು. ಗೆರೆ ನಡುಗಿದರೆ, "ಇರ್ಲಿ ಬಿಡ್ರಿ, ಕಡಲ ದಂಡಿ ನೆಟ್ಟಗ ಎಲ್ಲಿರ್ತೈತಿ?" ಎಂದು ಆ ನಡುಕವನ್ನೇ ಒಂದು ಕೊಲ್ಲಿ ಮಾಡಿಬಿಡುವಳು. ಅಂಥ ಮಧ್ಯಾಹ್ನಗಳನ್ನು ದೇವರ ದಯೆ ಎಂದು ಎಣಿಸಿದೆ. ಗಂಜಿ ಗಂಟಲಲ್ಲಿ ಸರಾಗ ಇಳಿದರೆ ಅದೂ ದಯೆ. ಬರಬರುತ್ತ ಎಣಿಸಲು ಹೆಚ್ಚೇನೂ ಉಳಿಯಲಿಲ್ಲ. ಕೈ ಹಿಡಿದು ಬರೆಸಲೇ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದಳು.

ಖಂಡವೆಲ್ಲ ತುಂಬಲಿ ಎಂದು ಬೇಡುವುದನ್ನು ಬಿಟ್ಟೆ. ದಂಡೆಯ ಎರಡು ತುದಿ ಕೂಡಲಿ, ಅಷ್ಟು ಕೈ ಕೊಡಪ್ಪ ಎಂದು ಬೇಡಿದೆ. ಇನ್ನೊಂದು ಗೇಣು ಇರುವಾಗ ಪೆನ್ನು ಬಿತ್ತು. ಎತ್ತಿ ಕೊಟ್ಟೆ. ಬೆರಳು ಮಡಚಲಿಲ್ಲ.

ಆ ಮಳೆಗಾಲ ಮುಗಿಯುವ ಮುಂಚೆ ಆಕೆ ಹೋದಳು. ನಿದ್ದೆಯಲ್ಲಿ ಹೋದಳು, ಅಷ್ಟೇ ಸಮಾಧಾನ. ಮೈದುನ ಆ ಹಾಳೆಯ ಫೋಟೋ ತೆಗೆದು ಬಳಗಕ್ಕೆ ಕಳಿಸಿ, ಆದದ್ದನ್ನೆಲ್ಲ ಬರೆದ. ಗೊತ್ತಿದ್ದರೆ ಸಣ್ಣದನ್ನೇ ಆರಿಸುತ್ತಿದ್ದೆವು ಎಂದು ಒಬ್ಬರಾದ ಮೇಲೊಬ್ಬರು ಉತ್ತರ ಬರೆದರು. ಅವನು ಓದಿ ಹೇಳುತ್ತ ಅತ್ತ. ಆಕೆಗೆ ಬೇಡವಾಗಿದ್ದುದೂ ಅದೇ ಎಂದು ನಾನು ಹೇಳಲಿಲ್ಲ.

ಈಗಲೂ ಬೆಳಿಗ್ಗೆ ಮಿಂದು ದೀಪ ಹಚ್ಚುತ್ತೇನೆ. ಮನೆಯವರು ಎರಡು ಹೊತ್ತು ಉಣ್ಣುತ್ತಿದ್ದಾರೆ, ಅದಕ್ಕೆ ಕೈ ಮುಗಿಯುತ್ತೇನೆ. ಬೇಡುವುದನ್ನು ಮಾತ್ರ ಬಿಟ್ಟಿದ್ದೇನೆ. ಒಂದು ಗೇಣು ಗೆರೆಯನ್ನಷ್ಟೇ ಕೇಳಿದ್ದೆ.