ಮೂಡಲಗಿಯ ತಾಮ್ರದ ಬಂಬು

ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಮೂರನೆಯ ಗೀಜರ್ ಕೆಟ್ಟಿತು. ರಿಪೇರಿಗೆ ಬಂದವನು ಅದನ್ನು ಗೋಡೆಯಿಂದ ಇಳಿಸುವ ಗೋಜಿಗೂ ಹೋಗಲಿಲ್ಲ. ಬೆರಳಿನಿಂದ ಎರಡು ಸಲ ಬಡಿದ, ಕೆಳಗಿನಿಂದ ಮೊಬೈಲಿನ ಬೆಳಕು ಬಿಟ್ಟು ನೋಡಿದ.

"ಒಳಗಿನ ಟಾಕಿ ಸೋರಾಕತ್ತೈತ್ರಿ ಅಕ್ಕಾರ. ಹೊಸಾದ ತಗೋರಿ."

"ಬಿಚ್ಚಿ ಬೆಸುಗಿ ಹಾಕಾಕ ಬರೂದಿಲ್ಲೇನು?"

"ಇದು ಬಿಚ್ಚಾಕ ಮಾಡಿದ್ದಲ್ರಿ," ಎಂದು ನಕ್ಕ, ನಾನೇನೋ ಒಂದನೆಯ ಇಯತ್ತೆಯ ಪ್ರಶ್ನೆ ಕೇಳಿದಂತೆ.

ಅವನ ತಪ್ಪೇನಿಲ್ಲ. ಆದರೆ ಯಾರೋ ಎಲ್ಲಿಯೋ ಕುಳಿತು, ಚೆನ್ನಾಗಿ ಯೋಚನೆ ಮಾಡಿ, ಯಾರಿಗೂ ಬಿಚ್ಚಲು ಬಾರದಂತೆ ಒಂದು ವಸ್ತುವನ್ನು ಮಾಡಿದ್ದಾರಲ್ಲ, ಆ ಮಾತು ನನ್ನನ್ನು ಎರಡು ದಿನ ಕಾಡಿತು. ಮೂರನೆಯ ದಿನ ಹಿತ್ತಲ ಖೋಲಿಗೆ ಹೋಗಿ, ಗೋಣಿಚೀಲಗಳನ್ನು ಸರಿಸಿ, ನನ್ನ ತವರಿನ ಬಂಬನ್ನು ಹೊರಗೆ ತೆಗೆದೆ.

ಬಂಬು ಎಂದರೆ ನಮ್ಮ ಕಡೆ ನೀರು ಕಾಯಿಸುವ ದೊಡ್ಡ ತಾಮ್ರದ ಪಾತ್ರೆ. ನಡುವೆ ಒಂದು ಕೊಳವೆ, ಕೊಳವೆಯೊಳಗೆ ಬೆಂಕಿ, ಅದರ ಸುತ್ತ ನೀರು, ಹೊಟ್ಟೆಗೆ ಒಂದು ಹಿತ್ತಾಳೆಯ ನಳ. ಮೂಡಲಗಿಯಲ್ಲಿ ಅವ್ವ ಪ್ರತಿ ಅಮಾವಾಸ್ಯೆಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಒಂದು ಗಳಿಗೆ ಅದರಲ್ಲಿ ತನ್ನ ಮುಖ ನೋಡಿಕೊಂಡು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಅಣ್ಣಂದಿರು ಏನು ಬೇಕು ಎಂದು ಕೇಳಿದಾಗ ನಾನು ಕೇಳಿದ್ದು ಅದೊಂದನ್ನೇ. ಗೋಕಾಕಿನ ನಮ್ಮ ಮನೆಯಲ್ಲಿ ಅದಕ್ಕೆ 'ಮೂಡಲಗಿ ಬಂಬು' ಎಂದೇ ಹೆಸರಾಯಿತು. ಏನೇ ಆದರೂ ಅದು ಈ ಮನೆಯದಲ್ಲ ಎನ್ನುವ ಅರ್ಥ ಆ ಹೆಸರಿನಲ್ಲಿತ್ತು. ಕೆಲವು ವರ್ಷ ಕೆಲಸ ಮಾಡಿ, ಬುಡದಲ್ಲಿ ಜಿನುಗಲು ಹತ್ತಿ, ಖೋಲಿ ಸೇರಿತು.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿಯ ಸಿಸ್ಟರುಗಳು ಹರಿದ ಕಾಲುಚೀಲದೊಳಗೆ ಹಳೆಯ ಬಲ್ಬು ಇಟ್ಟು, ಗುರುತೇ ಸಿಗದಂತೆ ರಫೂ ಮಾಡುವುದನ್ನು ಕಲಿಸಿದರು. ದನಿ ಏರಿಸದೆ ಮಾತಾಡುವುದನ್ನೂ ಕಲಿಸಿದರು. ಮೊದಲನೆಯದು ಉಪಯೋಗಕ್ಕೆ ಬಂದಿದೆ.

ಹುಕ್ಕೇರಿಯಲ್ಲಿ ತಾಮ್ರದ ಕೆಲಸ ಮಾಡುವ ಒಬ್ಬ ಮುದುಕರು ಇನ್ನೂ ಇದ್ದಾರೆಂದು ಮೇಲವಂಕಿಯಿಂದ ಮೊಸರು ತರುವಾಕೆ ಹೇಳಿದಳು. ಬಂಬನ್ನು ಹಳೆಯ ಚಾದರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಚಾದರದ ತುದಿ ಎತ್ತಿ ನೋಡಿದ.

"ಇವರಿಗೆ ಫುಲ್ ಟಿಕೀಟ ಹರೀಲೇನ್ರಿ, ಹಾಫ್ ಹರೀಲಿ? ವಯಸ್ಸೆಷ್ಟರೀ ಇವರದು?"

ಹಿಂದಿನ ಸೀಟಿನಿಂದ ಒಬ್ಬಾಕೆ, "ಹಿರ್ಯಾರದಾರ್ರಿ, ರಿಯಾಯ್ತಿ ಕೊಡ್ರಿ ಪಾಪ," ಎಂದಳು. ಘೋಡಗೇರಿ ಬರುವವರೆಗೂ ಬಸ್ಸಿನವರು ಅದನ್ನೇ ಆಡಿಕೊಂಡು ನಕ್ಕರು. ನಾನೂ ನಕ್ಕೆ. ತೊಡೆಯ ಮೇಲೆ ಅದರ ಭಾರ ಹಿತವಾಗಿತ್ತು.

ಆ ಮುದುಕರ ಅಂಗಡಿ ಎಂದರೆ ಒಂದು ಕಟ್ಟೆ, ಒಂದು ತಿದಿ, ಗೋಡೆಗೆ ಸಿಕ್ಕಿಸಿದ ಸುತ್ತಿಗೆಗಳು. ಚಷ್ಮಾದ ಒಂದು ಕಡ್ಡಿಯ ಜಾಗದಲ್ಲಿ ದಾರ ಕಟ್ಟಿಕೊಂಡಿದ್ದರು. ಬಂಬನ್ನು ಬೋರಲು ಹಾಕಿ, ಅಂಗೈಯಿಂದ ಬಡಿದು, ಕಿವಿ ಹಚ್ಚಿ ಕೇಳಿದರು. ನಮ್ಮ ಡಾಕ್ಟರು ಇತ್ತೀಚೆಗೆ ಯಾರ ಬೆನ್ನಿಗೂ ಅಷ್ಟು ಹೊತ್ತು ಕಿವಿಗೊಟ್ಟಿದ್ದನ್ನು ನಾನು ಕಂಡಿಲ್ಲ.

"ತಾಂಬ್ರ ಗಟ್ಟಿ ಐತ್ರಿ ಬಾಯಾರ. ಬುಡದ ಬೆಸುಗಿ ಅಷ್ಟ ಸೋತೈತಿ," ಎಂದರು. ಆಮೇಲೆ ಬೆರಳು ಒಂದು ಕಡೆ ನಿಂತಿತು. "ಇಲ್ಲಿ ಯಾರ್ರಿ ಈ ರಾಡಿ ಮೆತ್ತಿದವರು?"

ಅದು ನನ್ನ ಯಜಮಾನರು ಒಂದು ರವಿವಾರ ಮೆತ್ತಿದ ಪೈಪಿನ ಅಂಟು. ನಾನು ರಸ್ತೆಯ ಕಡೆ ನೋಡಿದೆ.

ಅಂಟನ್ನು ಉಳಿಯಿಂದ ಕೆರೆಯುತ್ತ ಅವರೇ ಮಾತಾಡಿದರು: "ಮಾಡಿದಾಂವ ಶಾಣ್ಯಾ ಇದ್ದ ನೋಡ್ರಿ. ಕೊಳವಿ ಬ್ಯಾರೆ, ಬುಡ ಬ್ಯಾರೆ, ನಳ ಬ್ಯಾರೆ. ಮುಂದ ನನ್ನಂಥಾವ ಒಬ್ಬ ಇದನ್ನ ಬಿಚ್ಚತಾನ ಅನ್ನೂದು ಅವಗ ಗೊತ್ತಿತ್ತು."

"ಗುರುತಿನವರೇನ್ರಿ?"

"ಯಾಂವನೋ ಏನೋ. ಕೆಲಸದ ಗುರುತ ಸಿಕ್ಕತು."

ಹಳೆಯದನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಕಟ್ಟೆಯ ಮೇಲಿನ ಈ ಮಾತನ್ನೇ ಹೇಳುತ್ತೇನೆ. ತಾಮ್ರದ ದಪ್ಪ ಒಂದು ಕಾರಣ, ಅವ್ವ ಇನ್ನೊಂದು ಕಾರಣ. ಆದರೆ ಎಂದೋ ಸತ್ತುಹೋದ ಒಬ್ಬ ಕೆಲಸಗಾರ ತಾನು ಕಾಣದ ಇನ್ನೊಬ್ಬನಿಗಾಗಿ ಜಾಗ ಬಿಟ್ಟು ಕೆಲಸ ಮಾಡಿದ್ದ. ಅಂಥ ವಸ್ತುವನ್ನು ಎಸೆದರೆ ಆ ಇಬ್ಬರನ್ನೂ ಎಸೆದಂತೆ.

ವಾರದ ಮೇಲೆ ಹೋದಾಗ ಬಂಬು ಸಿದ್ಧವಿತ್ತು. ಒಳಗೆ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ನಳಕ್ಕೆ ಹೊಸ ಸೆಣಬಿನ ಎಳೆ ಸುತ್ತಿದ್ದರು. ಕೊಡುವಾಗ ಅವರು ಬೆರಳೆತ್ತಿ, "ಒಂದ ನೆನಪಿಡ್ರಿ. ಮೊದಲ ನೀರು, ಆಮ್ಯಾಲ ಬೆಂಕಿ. ಖಾಲಿ ಬಂಬಿಗೆ ಬೆಂಕಿ ತೋರಿಸಿದ್ರ ತಾಂಬ್ರ ತಡಕೋತೈತಿ, ಬೆಸುಗಿ ತಡಕೊಳ್ಳೂದಿಲ್ಲ," ಎಂದರು.

ಮನೆಗೆ ಬಂದು ಆ ಮಾತನ್ನು ಯಜಮಾನರಿಗೆ ಹೇಳಿದೆ. ಅವರು ಪೇಪರು ಓದುತ್ತಿದ್ದರು. "ಹೂಂ," ಎಂದರು.

ಒಂದು ತಿಂಗಳು ಎಷ್ಟು ಚೆನ್ನಾಗಿತ್ತು. ಮೊಸರಿನಾಕೆ ಗೊಂಜಾಳದ, ಅಂದರೆ ಮೆಕ್ಕೆಜೋಳದ, ಒಣ ಬೆಂಡುಗಳ ಚೀಲ ತಂದುಕೊಟ್ಟಳು. ನಾಲ್ಕು ಬೆಂಡು, ಒಂದು ತೆಂಗಿನ ಚಿಪ್ಪು, ಅಷ್ಟರಲ್ಲಿ ಇಬ್ಬರ ಸ್ನಾನ. ಮಧ್ಯಾಹ್ನ ಪಾತ್ರೆ ತೊಳೆಯುವಾಗಲೂ ನಳದಿಂದ ಬೆಚ್ಚನೆಯ ನೀರು. ಯಜಮಾನರು ಹೊಗೆ ಎಂದು ಗೊಣಗುತ್ತಲೇ ಎರಡು ಬಕೆಟ್ ಹೆಚ್ಚು ಸುರಿದುಕೊಳ್ಳುತ್ತಿದ್ದರು. ಹೊಸ ಗೀಜರಿನ ಮಾತು ನಿಂತಿತ್ತು. ಬಂಬು ಉಳಿಯಿತು ಎಂದುಕೊಂಡೆ.

ಆಗ ನನ್ನ ನಾದಿನಿ ಒಂದು ಮದುವೆಗೆಂದು ನಿಡಸೋಸಿಯಿಂದ ಬಂದಳು. ಬೆಳಿಗ್ಗೆ ನಾನು ಹೂ ತರಲು ಹೋಗಿದ್ದೆ. ಬರುವಷ್ಟರಲ್ಲಿ ಬಚ್ಚಲಿನ ತುಂಬ ಹೊಗೆ. ನೆಲದ ಮೇಲೆ ಬೂದಿ ಕಲಸಿದ ನೀರು. ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು ಖಾಲಿ ಕೊಡ ಹಿಡಿದು ನಿಂತಿದ್ದರು.

"ವೈನೀ, ನಿಮ್ಮ ಮೂಡಲಗಿ ಬಂಬು ನನಗ ಜಳಕಾ ಮಾಡಸೂದ ಬಿಟ್ಟ ನೆಲಕ್ಕ ಮಾಡಿಸ್ತ ನೋಡ್ರಿ!" ಎಂದು ನಾದಿನಿ ನಕ್ಕಳು.

"ಹಳೇ ಸಾಮಾನ ಅದು. ಎಷ್ಟ ದಿನಾ ಬಾಳಿಕಿ ಬರ್ತೈತಿ?" ಎಂದರು ಯಜಮಾನರು.

ನಾನು ಬಗ್ಗಿ ಬೂದಿ ಬಳಿದೆ. ಬೂದಿಯಲ್ಲಿ ಸಾಬೂದಾಣಿಯಂಥ ಸಣ್ಣ ಸಣ್ಣ ಬೆಳ್ಳಿ ಬಣ್ಣದ ಗುಂಡುಗಳಿದ್ದವು. ಕರಗಿ ಇಳಿದ ಬೆಸುಗೆ. ಬಂಬಿನಲ್ಲಿ ನೀರಿದ್ದರೆ ಅದು ಕರಗುವುದಿಲ್ಲ. ತಂಗಿ ಅವಸರ ಮಾಡಿದ್ದಾಳೆ, ಇವರು ಬೆಂಕಿ ಹಚ್ಚಿದ್ದಾರೆ, ನೀರು ಹಾಕಿದ್ದು ಆಮೇಲೆ ನೆನಪಾಗಿದೆ. ಗೀಜರಿನ ರೂಢಿ ಅದು. ಗುಂಡಿ ಒತ್ತಿದರೆ ಆಯಿತು, ನೀರು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಆ ಗುಂಡುಗಳನ್ನು ಅಂಗೈಯಲ್ಲಿ ಹಿಡಿದು ತಲೆ ಎತ್ತಿದೆ. ಅವರು ನೋಡಿದರು. ನೋಡಿ, ಟಾವೆಲ್ ಹುಡುಕತೊಡಗಿದರು.

ತಂಗಿಯ ಎದುರಿಗೆ ಗಂಡನ ತಪ್ಪು ಹೇಗೆ ಎತ್ತುವುದು? ಗುಂಡುಗಳನ್ನು ಬೂದಿಯೊಂದಿಗೆ ಹೊರಗೆ ಚೆಲ್ಲಿದೆ. ಮದುವೆಯಲ್ಲಿ ನಾದಿನಿ ನಾಲ್ಕು ಜನರ ಮುಂದೆ ಬಂಬಿನ ಕಥೆ ಹೇಳಿದಳು. ಎಲ್ಲರೂ ನಕ್ಕರು, ಹಳೆಯದರ ಹಣೆಬರಹವೇ ಅಷ್ಟು ಎಂದರು. ತಪ್ಪು ಬಂಬಿನ ತಲೆಗೆ ಬಂತು. ಅದಕ್ಕೆ ಬಾಯಿ ಇರಲಿಲ್ಲ, ನನಗೆ ಇತ್ತು.

ಹೊಸ ಗೀಜರ್ ಬಂತು, ಬಂಬು ಮತ್ತೆ ಖೋಲಿ ಸೇರಿತು. ಎಂಟು ದಿನದ ಮೇಲೆ ಒಂದು ಬೆಳಿಗ್ಗೆ ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ ಯಜಮಾನರು ಬಾಗಿಲಿನಿಂದ ಕೂಗಿದರು.

"ಮೋಡಕಾದ ಗಾಡಿ ಬಂದೈತಿ. ಆ ಬಂಬು ಹಾಕಿಬಿಡೂಣೇನು?"

ಮೋಡಕಾ ಎಂದರೆ ಗುಜರಿ. ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದವು. "ಇರ್ಲಿ ಬಿಡ್ರಿ," ಎಂದೆ. ಆ ವಾರವೇ ಅದನ್ನು ಮತ್ತೆ ಹುಕ್ಕೇರಿಗೆ ಒಯ್ಯುವವಳಿದ್ದೆ. ಚಾದರ ಒಗೆದು ಇಟ್ಟಿದ್ದೆ.

ಮಧ್ಯಾಹ್ನ ಖೋಲಿಗೆ ಹೋದರೆ ನೆಲದ ಮೇಲೆ ದುಂಡನೆಯ ಒಂದು ಹಸಿರು ಗುರುತು ಅಷ್ಟೇ ಇತ್ತು.

ಸೀರೆ ಬದಲಿಸದೆ ಗುಜರಿ ಅಂಗಡಿಗೆ ಹೋದೆ. ಅಂಗಡಿಯವನು ಮರ್ಯಾದೆಯ ಮನುಷ್ಯ. ಕುರ್ಚಿ ಒರೆಸಿ ಕೊಟ್ಟ. ಆಮೇಲೆ ಮೂಲೆ ತೋರಿಸಿದ. ಅಲ್ಲಿ ತಾಮ್ರದ ಒಂದು ಹಾಳೆ ಗೋಡೆಗೆ ಒರಗಿತ್ತು.

"ಹೊಟ್ಟಿ ಇದ್ರ ಜಾಗಾ ಭಾಳ ಹಿಡೀತಾವ್ರಿ ಬಾಯಾರ. ಅದಕ್ಕ ಬಂದ ಕೂಡ್ಲೆ ಬಡದ ಚಪ್ಪಟಿ ಮಾಡತೇವಿ. ಆದರ ನಿಮ್ಮದು ಭಾಳ ಸತಾಯಿಸ್ತ್ರಿ. ಇಬ್ಬರ ಘನದ ಸುತ್ತಿಗಿ ಹಿಡದ ಬಡದ್ರೂ ಕೊಳವಿ ಲಗೂ ಬಗ್ಗಲಿಲ್ಲ. ಇಂಥಾ ಮಾಲ ಈಗ ಬರೂದಿಲ್ಲ ಬಿಡ್ರಿ."

ಅವನು ಮೆಚ್ಚಿಕೊಂಡೇ ಹೇಳಿದ. ಆ ಬಂಬಿನ ಬಗ್ಗೆ ಗೋಕಾಕಿನಲ್ಲಿ ಯಾರಾದರೂ ಆಡಿದ ಒಂದೇ ಒಳ್ಳೆಯ ಮಾತು ಅದು. ಕುರ್ಚಿಯಿಂದ ಎದ್ದು ಅವನಿಗೆ ಥ್ಯಾಂಕ್ಸ್ ಹೇಳಿ ಬಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

ಮನೆಯಲ್ಲಿ ಯಜಮಾನರು ಸೋಫಾದ ಮೇಲಿದ್ದರು. ನಿಂತುಕೊಂಡೇ ಕೇಳಿದೆ.

"ಬಂಬು ಯಾಕ ಕೊಟ್ರಿ?"

"ನಿನ್ನ ಕೇಳೇ ಕೊಟ್ನೆಲ್ಲಾ. ನೀನ ಬಿಡ್ರಿ ಅಂದಿ."

"ಇರ್ಲಿ ಅಂದಿದ್ದೆ."

ಅವರು ಚಷ್ಮಾ ತೆಗೆದು, ನಿಜವಾಗಿಯೂ ನೆನಪು ಮಾಡಿಕೊಂಡರು. ಸುಳ್ಳು ಹೇಳುವ ಮನುಷ್ಯರಲ್ಲ.

"ಎರಡೂ ಅಂದಿ," ಎಂದರು.

ಹೌದು. ಎರಡೂ ಅಂದಿದ್ದೆ. ಮದುವೆಯಾದ ಮರುವರ್ಷ ಕಾನ್ವೆಂಟಿನವರು ಸಣ್ಣ ಮಕ್ಕಳಿಗೆ ಕಲಿಸಲು ಕರೆದಾಗ, ಇವರು ಹೋಗಬೇಕೇನು ಎಂದು ಕೇಳಿದ್ದಕ್ಕೆ, ಇರ್ಲಿ ಬಿಡ್ರಿ. ಅಡುಗೆಮನೆಯ ಪೂರ್ವದ ಕಿಟಕಿಗೆ ಇಟ್ಟಿಗೆ ಹಾಕಿ ಮುಚ್ಚಿದಾಗ, ಇರ್ಲಿ ಬಿಡ್ರಿ. ಅಷ್ಟು ವರ್ಷ ಒಂದೇ ಅರ್ಥದಲ್ಲಿ ಆಡಿದ ಮಾತನ್ನು ಒಂದು ದಿನ ಬೇರೆ ಅರ್ಥದಲ್ಲಿ ಆಡಿದರೆ ಕೇಳುವವರಿಗೆ ಹೇಗೆ ತಿಳಿಯಬೇಕು?

"ಅವತ್ತ ಬಂಬಿನ್ಯಾಗ ನೀರಿರಲಿಲ್ಲ," ಎಂದೆ.

"ಗೊತ್ತೈತಿ," ಎಂದರು. ಚಷ್ಮಾ ಮತ್ತೆ ಹಾಕಿಕೊಂಡರು. "ಚಹಾ ಇಡ್ತಿಯೇನು?" ಎಂದರು.

ಇಟ್ಟೆ.